ಮಲೆನಾಡಿನ ಜಗಲಿಗೆ ಯಾವ ಟಿವಿ? 32, 43, 55 ಇಂಚುಗಳ ನಡುವೆ ಆಯ್ಕೆ

ಶಿವಮೊಗ್ಗದ ದುರ್ಗಿಗುಡಿಯಲ್ಲೋ ಬಿ.ಎಚ್. ರಸ್ತೆಯಲ್ಲೋ ಅಂಗಡಿಗೆ ಹೊಕ್ಕು ಸಾಲಾಗಿ ಉರಿಯುತ್ತಿರುವ ಟಿವಿಗಳ ಮುಂದೆ ನಿಂತರೆ ಎಲ್ಲವೂ ಚೆಂದವೇ. ಅಲ್ಲಿ ಓಡುವುದು ಕಂಪನಿಯೇ ಕೊಟ್ಟ 4ಕೆ ವಿಡಿಯೊ. ಬೆಳಕನ್ನು ‘ಸ್ಟೋರ್ ಮೋಡ್’ನಲ್ಲಿ ತುದಿಗೆ ಏರಿಸಿಟ್ಟಿರುತ್ತಾರೆ. ಅದೇ ಟಿವಿ ಹೊಸನಗರದ ಆಚೆಯ ಮನೆಯ ಜಗಲಿಗೆ ಬಂದು ಡಿಶ್‌ನ ಸಾದಾ (ಎಚ್‌ಡಿ ಅಲ್ಲದ) ಚಾನೆಲ್ ಹಾಕಿದಾಗ ಮುಖಗಳೆಲ್ಲ ಕಲಸಿಕೊಂಡಂತೆ ಕಾಣುತ್ತವೆ. ಹಾಗಾಗಿ ಅಂಗಡಿಗೆ ಹೋಗುವ ಮೊದಲು ಮನೆಯಲ್ಲೇ ಮೂರು ವಿಷಯ ಗಟ್ಟಿ ಮಾಡಿಕೊಳ್ಳಬೇಕು: ಮನೆಗೆ ಯಾವ ಸಿಗ್ನಲ್ ಬರುತ್ತದೆ, ಕರೆಂಟು ಹೇಗಿದೆ, ಕೆಟ್ಟರೆ ಊರಿಗೆ ಬಂದು ಸರಿಮಾಡುವವರು ಯಾರು. ಇಂಚು, ಬಣ್ಣ, ಬ್ರಾಂಡ್ ಎಲ್ಲ ಆಮೇಲಿನ ಮಾತು.

ಬೆಲೆಗಳನ್ನು ಸುಮಾರಿಗೆ ಹೇಳುವುದಾದರೆ 32 ಇಂಚಿನವು 9ರಿಂದ 15 ಸಾವಿರ, 43 ಇಂಚಿನ 4ಕೆ 20ರಿಂದ 33 ಸಾವಿರ, 55 ಇಂಚಿನವು 32 ಸಾವಿರದಿಂದ ಮೇಲಕ್ಕೆ. ಹಬ್ಬದ ರಿಯಾಯಿತಿಯಲ್ಲಿ ಎರಡು ಮೂರು ಸಾವಿರ ಅತ್ತಿತ್ತ ಆಗುತ್ತದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 32 ಇಂಚು ಮತ್ತು ಅದಕ್ಕಿಂತ ಚಿಕ್ಕವಕ್ಕೆ ಮೊದಲೇ 18 ಇತ್ತು. ‘ತೆರಿಗೆ ಇಳಿದಿದೆ ಸಾರ್’ ಎಂದು 32 ಇಂಚಿನ ಟಿವಿಗೂ ಯಾರಾದರೂ ಹೇಳಿದರೆ ಅದು ಬರೀ ಮಾರಾಟದ ಮಾತು.

ಸಿಗ್ನಲ್ ನೋಡಿ ಇಂಚು

ಡಿಶ್‌ನಲ್ಲಿ ಬರುವ ಸಾದಾ ಚಾನೆಲ್‌ನ ಚಿತ್ರದಲ್ಲಿ ಹೆಚ್ಚೆಂದರೆ 720×576, ಅಂದರೆ ಸುಮಾರು 4 ಲಕ್ಷ ಚುಕ್ಕೆಗಳಿರುತ್ತವೆ. 4ಕೆ ಪರದೆಯಲ್ಲಿರುವುದು 3840×2160, ಸುಮಾರು 83 ಲಕ್ಷ. ಬಂದ ಒಂದೊಂದು ಚುಕ್ಕೆಯನ್ನೂ ಟಿವಿ ಇಪ್ಪತ್ತು ಚುಕ್ಕೆಗಳಿಗೆ ಹರಡಬೇಕು. ಈ ಹಿಗ್ಗಿಸುವ ಕೆಲಸವನ್ನು ದುಬಾರಿ ಟಿವಿಯ ಪ್ರೊಸೆಸರ್ ಒಂದು ಮಟ್ಟಿಗೆ ನಾಜೂಕಾಗಿ ಮಾಡುತ್ತದೆ, ಅಗ್ಗದ್ದು ಮಾಡುವುದಿಲ್ಲ. ಆದ್ದರಿಂದ ಸಾದಾ ಚಾನೆಲ್ಲೇ ಹೆಚ್ಚು ನೋಡುವ ಮನೆಯಲ್ಲಿ ಪರದೆ ದೊಡ್ಡದಾದಷ್ಟೂ ಚಿತ್ರ ಕೆಡುತ್ತದೆ.

ಇದಕ್ಕೊಂದು ಸುಲಭ ಲೆಕ್ಕವಿದೆ. ಟಿವಿಯ ಇಂಚನ್ನು ಸಾದಾ ಚಾನೆಲ್‌ಗೆ 3ರಿಂದ, ಎಚ್‌ಡಿ ಚಾನೆಲ್‌ಗೆ 2ರಿಂದ, 4ಕೆ ವಿಡಿಯೊಗೆ ಒಂದೂವರೆಯಿಂದ ಗುಣಿಸಿ. ಬಂದಷ್ಟು ಇಂಚು ದೂರದಲ್ಲಿ ಕೂತರೆ ಚಿತ್ರ ಹದವಾಗಿ ಕಾಣುತ್ತದೆ. 32 ಇಂಚಿಗೆ ಸಾದಾ ಚಾನೆಲ್ 8 ಅಡಿ ದೂರದಿಂದ ಚೆನ್ನ. 43 ಇಂಚಿಗೆ ಅದೇ ಚಾನೆಲ್ ನೋಡಲು ಸುಮಾರು 11 ಅಡಿ ಹಿಂದೆ ಸರಿಯಬೇಕು, ಎಚ್‌ಡಿಯಾದರೆ 7 ಅಡಿ ಸಾಕು. 55 ಇಂಚಿಗೆ ಸಾದಾ ಚಾನೆಲ್ ಎಂದರೆ 14 ಅಡಿ, ಎಚ್‌ಡಿಗೆ 9 ಅಡಿ. ನಮ್ಮ ಹಳೆಯ ಮನೆಗಳ ಜಗಲಿ ಉದ್ದಕ್ಕೆ ಬೇಕಾದಷ್ಟಿದ್ದರೂ ಅಗಲ ಕಡಿಮೆ. ಗೋಡೆಯಿಂದ ಗೋಡೆಗೆ ಎಂಟು ಒಂಬತ್ತು ಅಡಿಯಿದ್ದರೆ 55 ಇಂಚಿನ ಆಸೆ ಬಿಡುವುದೇ ಲೇಸು.

ಡಿಶ್ ಬಿಟ್ಟು ಇಂಟರ್ನೆಟ್‌ನಲ್ಲೇ ನೋಡುವವರ ಲೆಕ್ಕ ಬೇರೆ. ಬಿಎಸ್‌ಎನ್‌ಎಲ್‌ನದೋ ಬೇರೆಯವರದೋ ಫೈಬರ್ ಮನೆತನಕ ಬಂದಿದ್ದು 30 ಎಂಬಿಪಿಎಸ್ ಸ್ಥಿರವಾಗಿ ಸಿಗುತ್ತಿದ್ದರೆ 4ಕೆ ಟಿವಿಗೆ ಕೊಟ್ಟ ದುಡ್ಡು ದಕ್ಕುತ್ತದೆ. ಫುಲ್ ಎಚ್‌ಡಿಗಾದರೆ 5 ಎಂಬಿಪಿಎಸ್ ಸಾಕು. ಮೊಬೈಲ್ ಹಾಟ್‌ಸ್ಪಾಟ್ ನಂಬಿ ಸ್ಮಾರ್ಟ್ ಟಿವಿ ತರುವುದು ಮಾತ್ರ ವ್ಯರ್ಥ. ಎಚ್‌ಡಿ ಸಿನಿಮಾ ಗಂಟೆಗೆ 3 ಜಿಬಿಯಷ್ಟು ತಿನ್ನುತ್ತದೆ, ದಿನಕ್ಕೆ 2 ಜಿಬಿ ಕೊಡುವ ಪ್ಯಾಕ್ ಮಧ್ಯಂತರದ ಹೊತ್ತಿಗೇ ಮುಗಿದಿರುತ್ತದೆ.

ಮಳೆಗಾಲದಲ್ಲಿ ಎರಡೂ ಕೈಕೊಡುತ್ತವೆ, ಕಾರಣ ಮಾತ್ರ ಬೇರೆ ಬೇರೆ. ಆರಿದ್ರೆ, ಪುನರ್ವಸು ಮಳೆ ಹಿಡಿದು ಹೊಡೆಯುವಾಗ ಡಿಶ್‌ನ ಸಿಗ್ನಲ್ ಮೋಡದ ನೀರಿನಲ್ಲೇ ಸೋರಿಹೋಗುತ್ತದೆ. ಫೈಬರ್‌ಗೆ ಮಳೆಯ ಹೆದರಿಕೆ ಇಲ್ಲ, ಆದರೆ ಮರ ಬಿದ್ದು ತುಂಡಾದರೆ ಜೋಡಿಸುವವರು ಬರಲು ದಿನಗಳೇ ಹಿಡಿಯಬಹುದು. ಫೈಬರ್ ಇದ್ದವರೂ ಡಿಡಿ ಫ್ರೀ ಡಿಶ್ ಒಂದನ್ನು ಇಟ್ಟುಕೊಂಡಿರುವುದು ಒಳ್ಳೆಯದು. ತಿಂಗಳ ಬಾಡಿಗೆ ಇಲ್ಲ, ಚಂದನ ಬರುತ್ತದೆ. ಅದರ ಉಪಗ್ರಹ 93.5 ಡಿಗ್ರಿ ಪೂರ್ವದಲ್ಲಿರುವುದರಿಂದ ಶಿವಮೊಗ್ಗದ ಕಡೆ ಡಿಶ್ ಆಗ್ನೇಯಕ್ಕೆ ತಿರುಗಿ ಸುಮಾರು 63 ಡಿಗ್ರಿ ಮೇಲಕ್ಕೆ ನೋಡಬೇಕು. ಕೂರಿಸಿದಾಗ ಖಾಲಿಯಿದ್ದ ಆ ದಿಕ್ಕಿಗೆ ನಾಲ್ಕಾರು ವರ್ಷದಲ್ಲಿ ಅಡಿಕೆ ಮರದ ತಲೆ ಬಂದು ನಿಂತಿರುತ್ತದೆ. 60 ಸೆಂ.ಮೀ. ಬದಲು 75 ಅಥವಾ 90 ಸೆಂ.ಮೀ. ತಟ್ಟೆ ಹಾಕಿಸಿದರೆ ಸಾಧಾರಣ ಮಳೆಗೆ ಚಿತ್ರ ನಿಲ್ಲುತ್ತದೆ. ಮಳೆ ನಿಂತ ಮೇಲೂ ಚಿತ್ರ ಚೌಕಚೌಕವಾಗಿ ಒಡೆಯುತ್ತಿದ್ದರೆ ಟಿವಿಯನ್ನು ಬೈಯಬೇಡಿ. ಹೊರಗಿನ ಕೇಬಲ್ ಜೋಡಣೆಗೆ ನೀರು ಹೊಕ್ಕಿರುತ್ತದೆ. ಅಲ್ಲಿ ಕೇಬಲ್ಲನ್ನು ಒಂದು ಸುತ್ತು ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತಂದರೆ ನೀರು ಜೋಡಣೆಗೆ ಹರಿಯದೆ ಕೆಳಗೇ ತೊಟ್ಟಿಕ್ಕುತ್ತದೆ. ಜೋಡಣೆಯ ಮೇಲೆ ರಬ್ಬರ್ ಟೇಪ್ ಬಿಗಿಯಾಗಿ ಸುತ್ತಬೇಕು.

ಹಾಗಾದರೆ ಯಾವುದು?

ಡಿಶ್ ಮಾತ್ರ ಇರುವ, ಏಳೆಂಟು ಅಡಿ ದೂರದಿಂದ ನೋಡುವ ಮನೆಗೆ 32 ಇಂಚು ಸಾಕು. ಇದರಲ್ಲಿ ಬಹುಪಾಲು 1366×768ರ ‘ಎಚ್‌ಡಿ ರೆಡಿ’. ಸಾದಾ ಚಾನೆಲ್‌ಗೆ ಅದು ಕೊರತೆಯೇನಲ್ಲ. ಅಗಲ 72 ಸೆಂ.ಮೀ. ಆಸುಪಾಸು, ಹಳೆಯ ಶೋಕೇಸಿನ ಗೂಡಿನಲ್ಲೂ ಕೂರುತ್ತದೆ. ಮುಂದೆ ಫೈಬರ್ ಬಂದರೆ ಇಂಟರ್ನೆಟ್ ಆ್ಯಪ್‌ಗಳನ್ನು ಟಿವಿಯಲ್ಲಿ ಓಡಿಸುವ ಸ್ಟ್ರೀಮಿಂಗ್ ಸ್ಟಿಕ್ ಒಂದನ್ನು ಚುಚ್ಚಿಕೊಳ್ಳಬಹುದು.

ಫೈಬರ್ ಇರುವ ಅಥವಾ ವರ್ಷದೊಳಗೆ ಬರುವುದು ಖಾತ್ರಿಯಿರುವ ಹೆಚ್ಚಿನ ಮನೆಗಳಿಗೆ ನಮ್ಮ ಮತ 43 ಇಂಚಿನ 4ಕೆಗೆ. 4ಕೆ ಚುಕ್ಕೆಗಳಿಗಾಗಿಯೇ ಅಲ್ಲ. ಎಂಟು ಅಡಿಯಿಂದ 43 ಇಂಚಿನಲ್ಲಿ ಫುಲ್ ಎಚ್‌ಡಿಗೂ 4ಕೆಗೂ ವ್ಯತ್ಯಾಸ ಹಿಡಿಯಲು ಕಣ್ಣು ಚುರುಕಿರಬೇಕು. ಆದರೆ ಈ ಅಳತೆಯ ಫುಲ್ ಎಚ್‌ಡಿ ಮಾದರಿಗಳಲ್ಲಿ ಕಂಪನಿಗಳು ಸಾಮಾನ್ಯವಾಗಿ 1 ಜಿಬಿ ರ‍್ಯಾಮ್‌ನ ನಿಧಾನದ ಬೋರ್ಡ್ (ಆ್ಯಪ್ ಓಡಿಸುವ ಭಾಗ) ಹಾಕುತ್ತವೆ, 4ಕೆ ಮಾದರಿಗಳಲ್ಲಿ 2 ಜಿಬಿ. ಮೂರು ನಾಲ್ಕು ಸಾವಿರ ಹೆಚ್ಚು ಕೊಡುವುದು ಆ ಬೋರ್ಡಿಗೆ. ಅಗಲ ಸುಮಾರು 96 ಸೆಂ.ಮೀ. ಬೇಕು.

55 ಇಂಚು ಬೇಕೆನ್ನುವವರ ಹಾಲ್ ಅಗಲ 10 ಅಡಿಗಿಂತ ಹೆಚ್ಚಿರಬೇಕು, ಫೈಬರ್ ಇರಬೇಕು, ಡಿಶ್‌ನಲ್ಲಿ ಎಚ್‌ಡಿ ಪ್ಯಾಕ್ ಇರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಅದೇ ದುಡ್ಡಿನಲ್ಲಿ ಒಳ್ಳೆಯ 43 ತಂದು, ಉಳಿದದ್ದರಲ್ಲಿ ಸೌಂಡ್‌ಬಾರ್ ಮತ್ತು ಸಿಡಿಲಿನ ರಕ್ಷಣೆ ಮಾಡಿಸಿಕೊಳ್ಳುವುದು ಜಾಣತನ. 1.22 ಮೀಟರ್ ಅಗಲದ ಟಿವಿ ಘಾಟಿ ತಿರುವುಗಳಲ್ಲಿ ಕುಲುಕಾಡಿ ಬರುವ ಅಪಾಯವೂ ಕಡಿಮೆಯದಲ್ಲ.

ಪಕ್ಕದಿಂದ ನೋಡುವವರ ಕಣ್ಣು

ಎಲ್‌ಸಿಡಿ ಪರದೆಗಳಲ್ಲಿ (ಎಲ್‌ಇಡಿ ಟಿವಿ ಎಂದು ಮಾರುವುದೂ ಇವನ್ನೇ) ಮುಖ್ಯವಾಗಿ ಎರಡು ಜಾತಿ, ಐಪಿಎಸ್ ಮತ್ತು ವಿಎ. ವಿಎಯಲ್ಲಿ ಕಪ್ಪು ನಿಜವಾಗಿ ಕಪ್ಪಾಗಿರುತ್ತದೆ, ರಾತ್ರಿ ದೀಪ ಆರಿಸಿ ಎದುರಿಗೇ ಕೂತು ಸಿನಿಮಾ ನೋಡುವವರಿಗೆ ಹೇಳಿ ಮಾಡಿಸಿದ್ದು. ಆದರೆ ಪಕ್ಕಕ್ಕೆ ಸರಿದರೆ ಬಣ್ಣ ತೊಳೆದುಹೋಗುತ್ತದೆ. ಐಪಿಎಸ್‌ನಲ್ಲಿ ಕಪ್ಪು ಸ್ವಲ್ಪ ಬೂದಿ, ಆದರೆ ಯಾವ ಮೂಲೆಯಿಂದ ನೋಡಿದರೂ ಚಿತ್ರ ಅದೇ. ಸುಗ್ಗಿಯಲ್ಲಿ ಅಡಿಕೆ ಸುಲಿಯುತ್ತ ಜಗಲಿಯ ಉದ್ದಕ್ಕೂ ಕೂತವರೆಲ್ಲ ಒಂದೇ ಟಿವಿ ನೋಡುವ ಮನೆಗಳಿಗೆ ಐಪಿಎಸ್ ವಾಸಿ. ಪೆಟ್ಟಿಗೆಯ ಮೇಲೆ ಇದನ್ನು ಬರೆದಿರುವುದು ಅಪರೂಪ. ಒಂದೇ ಮಾದರಿಯ ಬೇರೆ ಬೇರೆ ಅಳತೆಗಳಲ್ಲೂ ಬೇರೆ ಬೇರೆ ಪರದೆ ಇರುತ್ತದೆ. ಅಂಗಡಿಯಲ್ಲಿ ಎದುರಿಗೆ ನಿಂತು ಒಂದು ಮುಖ ನೋಡಿ, ಹಾಗೆಯೇ ನಾಲ್ಕು ಹೆಜ್ಜೆ ಪಕ್ಕಕ್ಕೆ ಹೋಗಿ ಅದೇ ಮುಖ ನೋಡಿ. ಚರ್ಮದ ಬಣ್ಣ ಪೇಲವವಾದರೆ ಅದು ವಿಎ. ನೆಲದ ಮೇಲೆ ಚಾಪೆ ಹಾಸಿ ಕೂರುವವರಿದ್ದರೆ ಬಗ್ಗಿ ಕೆಳಗಿನಿಂದಲೂ ನೋಡಿ, ಅಂಗಡಿಯವರು ನಕ್ಕರೆ ನಗಲಿ.

ಕ್ಯುಎಲ್‌ಇಡಿ ಎಂದರೆ ಹೊಸ ಜಾತಿಯ ಪರದೆಯಲ್ಲ. ಮಾಮೂಲಿ ಎಲ್‌ಇಡಿ ಟಿವಿಗೇ ಬಣ್ಣ ಹೆಚ್ಚಿಸುವ ಪದರವೊಂದನ್ನು ಸೇರಿಸಿರುತ್ತಾರೆ. ಹೆಸರಿನಲ್ಲಿ ಹತ್ತಿರವಿರುವ ಒಎಲ್‌ಇಡಿ ಬೇರೆಯದೇ, ನಮ್ಮ ಬಜೆಟ್ಟಿಗೆ ಬರುವುದಿಲ್ಲ. ಬೆಳಕು ನೆರಳುಗಳನ್ನು ಎದ್ದು ಕಾಣಿಸುವ ಎಚ್‌ಡಿಆರ್ ಎಂಬ ಚೀಟಿ ಈಗ ಎಲ್ಲದರ ಮೇಲೂ ಇದೆ. 250ರಿಂದ 300 ನಿಟ್ಸ್ ಬೆಳಕಿನ ಅಗ್ಗದ ಟಿವಿಯಲ್ಲಿ ಅದರಿಂದ ಕಾಣುವ ವ್ಯತ್ಯಾಸ ತೀರಾ ಕಡಿಮೆ. ‘120 ಹರ್ಟ್ಸ್ ಮೋಷನ್’ ಎಂದು ಬರೆದ ಅಗ್ಗದ ಮಾದರಿಗಳಲ್ಲೂ ಪರದೆ ಹೆಚ್ಚಾಗಿ 60 ಹರ್ಟ್ಸ್‌ನದೇ, ಅಂದರೆ ಸೆಕೆಂಡಿಗೆ 60 ಬಾರಿ ಚಿತ್ರ ಬದಲಿಸುವಂಥದ್ದು.

ಬೋರ್ಡು ಮೊದಲು ಹಳತಾಗುತ್ತದೆ

ಸ್ಮಾರ್ಟ್ ಟಿವಿಯಲ್ಲಿ ಪರದೆ ಎಂಟು ಹತ್ತು ವರ್ಷ ಬಾಳಬಹುದು, ಆದರೆ ಆ್ಯಪ್ ಓಡಿಸುವ ಬೋರ್ಡು ನಾಲ್ಕೈದು ವರ್ಷಕ್ಕೆ ಏದುಸಿರು ಬಿಡುತ್ತದೆ. ಗೂಗಲ್ ಟಿವಿ ಇರುವುದಾದರೆ 2 ಜಿಬಿ ರ‍್ಯಾಮ್, 16 ಜಿಬಿ ಸ್ಟೋರೇಜ್‌ಗಿಂತ ಕಡಿಮೆಯದು ಬೇಡ. 8 ಜಿಬಿಯಲ್ಲಿ ಅರ್ಧಕ್ಕರ್ಧ ಸಿಸ್ಟಮ್ಮೇ ನುಂಗಿ, ನಾಲ್ಕು ಆ್ಯಪ್ ಹಾಕುವಷ್ಟರಲ್ಲಿ ‘ಜಾಗ ಇಲ್ಲ’ ಎನ್ನತೊಡಗುತ್ತದೆ. ಸ್ಯಾಮ್ಸಂಗ್‌ನ ಟೈಜೆನ್, ಎಲ್‌ಜಿಯ ವೆಬ್‌ಓಎಸ್ ಕಡಿಮೆ ರ‍್ಯಾಮ್‌ನಲ್ಲೂ ಹಗುರಾಗಿ ಓಡುತ್ತವೆ, ಆದರೆ ಅವುಗಳ ಅಂಗಡಿಯಲ್ಲಿ ಆ್ಯಪ್‌ಗಳ ಸಂಖ್ಯೆ ಕಡಿಮೆ. ಮನೆಯಲ್ಲಿ ನೋಡುವ ಆ್ಯಪ್‌ಗಳನ್ನೆಲ್ಲ (ಜಿಯೋಹಾಟ್‌ಸ್ಟಾರ್, ಝೀ5, ಸನ್ ನೆಕ್ಸ್ಟ್, ಯೂಟ್ಯೂಬ್) ಆ ಟಿವಿಯಲ್ಲೇ ತೆರೆದು ತೋರಿಸಲು ಹೇಳಿ.

ಹೆಸರು ಕೇಳದ ಬ್ರಾಂಡಿನ ‘ಆಂಡ್ರಾಯ್ಡ್ ಸ್ಮಾರ್ಟ್ ಟಿವಿ’ 43 ಇಂಚಿಗೆ 14 ಸಾವಿರಕ್ಕೆ ಸಿಗುತ್ತದೆ ಎಂದರೆ ಅದರಲ್ಲಿರುವುದು ಗೂಗಲ್‌ನ ಪ್ರಮಾಣಪತ್ರವಿಲ್ಲದ, ಮೊಬೈಲಿನ ಆಂಡ್ರಾಯ್ಡನ್ನೇ ಟಿವಿಗೆ ಹಿಗ್ಗಿಸಿದ ವ್ಯವಸ್ಥೆಯಾಗಿರುವ ಸಂಭವವೇ ಹೆಚ್ಚು. ಅದರಲ್ಲಿ ನೆಟ್‌ಫ್ಲಿಕ್ಸ್, ಪ್ರೈಮ್‌ನಂಥವು ತೆರೆಯುವುದೇ ಇಲ್ಲ, ತೆರೆದರೂ ಎಚ್‌ಡಿ ಬರುವುದಿಲ್ಲ. ರಿಮೋಟಿನಲ್ಲಿ ಗೂಗಲ್ ಅಸಿಸ್ಟೆಂಟ್ ಗುಂಡಿ, ಟಿವಿಯೊಳಗೆ ಪ್ಲೇ ಸ್ಟೋರ್, ಜೊತೆಗೆ ಮೊಬೈಲಿನ ವಿಡಿಯೊವನ್ನು ಟಿವಿಗೆ ಕಳಿಸುವ ಕ್ರೋಮ್‌ಕಾಸ್ಟ್ ಮೂರೂ ಇವೆಯೇ ನೋಡಿ.

ಇನ್ನೊಂದು ದಾರಿಯೂ ಇದೆ. ಒಳ್ಳೆಯ ಪರದೆಯ ಸಾದಾ (ಸ್ಮಾರ್ಟ್ ಅಲ್ಲದ) ಟಿವಿ ತಂದು ಬೇರೆಯಾಗಿ ಸ್ಟಿಕ್ ಹಾಕಿಕೊಳ್ಳುವುದು. ಸ್ಟಿಕ್ ಹಳತಾದರೆ ಅದನ್ನಷ್ಟೇ ಬದಲಿಸಿದರಾಯಿತು. 32 ಇಂಚಿಗೆ ಇದು ಚೆನ್ನಾಗಿ ಹೊಂದುತ್ತದೆ. 43ರಲ್ಲಿ ಒಳ್ಳೆಯ ಸಾದಾ ಟಿವಿ ಈಗ ಹುಡುಕಿದರೂ ಸಿಗುವುದು ಕಷ್ಟ.

ವೈಫೈ ಬಗ್ಗೆ ಒಂದು ಮಾತು. ಎರಡಡಿ ದಪ್ಪದ ಮಣ್ಣಿನ ಗೋಡೆ, ಜಂಬಿಟ್ಟಿಗೆ ಗೋಡೆಗಳನ್ನು 5 ಗಿಗಾಹರ್ಟ್ಸ್ ವೈಫೈ ದಾಟುವುದಿಲ್ಲ, 2.4 ದಾಟಿದರೂ ಸೊರಗುತ್ತದೆ. ಮೋಡೆಮನ್ನು ಟಿವಿ ಇರುವ ಜಗಲಿಗೇ ತರಿಸಿ, ಇಲ್ಲವೇ ಲ್ಯಾನ್ ಕೇಬಲ್ ಎಳೆಸಿ. ಟಿವಿಯಲ್ಲಿ ಲ್ಯಾನ್ ಕಿಂಡಿ ಇದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಬೇಕು. ಎಚ್‌ಡಿಎಂಐ ಕಿಂಡಿ ಎರಡರ ಬದಲು ಮೂರಿದ್ದರೆ ಸೆಟ್‌ಟಾಪ್ ಬಾಕ್ಸ್, ಸ್ಟಿಕ್, ಸೌಂಡ್‌ಬಾರ್ ಎಲ್ಲಕ್ಕೂ ಆಯಿತು. ಹಳೆಯ ಬಾಕ್ಸ್ ಮೂರು ಬಣ್ಣದ ವೈರಿನದಾದರೆ ಎವಿ ಕಿಂಡಿ ಬೇಕು. ಈಗಿನ ಕೆಲವು ಟಿವಿಗಳಲ್ಲಿ ಅದಿಲ್ಲ.

ಮಳೆಯ ಸದ್ದಿಗೆ ಎದುರು

ತಗಡಿನ ಶೀಟು ಹೊದೆಸಿದ ಮನೆಯಲ್ಲಿ ಜುಲೈ ತಿಂಗಳ ಸಂಜೆ ವಾರ್ತೆ ಕೇಳಿಸಬೇಕಾದರೆ 16, 20 ವ್ಯಾಟಿನ ಸ್ಪೀಕರ್ ಸಾಲದು. ತೆಳ್ಳಗಿನ ಟಿವಿಯ ಸ್ಪೀಕರ್ ಬೆನ್ನಿಗೋ ಕೆಳಕ್ಕೋ ಮುಖ ಮಾಡಿರುತ್ತದೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಮಾತು ಒಡೆಯುತ್ತದೆ. 4ರಿಂದ 6 ಸಾವಿರದ ಸೌಂಡ್‌ಬಾರ್ ಇದಕ್ಕೆ ಪರಿಹಾರ. ಟಿವಿಯಲ್ಲಿ ‘ಎಆರ್‌ಸಿ’ ಎಂದು ಬರೆದ ಎಚ್‌ಡಿಎಂಐ ಕಿಂಡಿ ಇದ್ದರೆ ಒಂದೇ ಕೇಬಲ್, ಒಂದೇ ರಿಮೋಟ್. ವಯಸ್ಸಾದವರಿರುವ ಮನೆಯಲ್ಲಿ ಸೌಂಡ್ ಸೆಟ್ಟಿಂಗ್ಸ್‌ನ ‘ಕ್ಲಿಯರ್ ವಾಯ್ಸ್’ ಅಥವಾ ‘ಡೈಲಾಗ್’ ಹಾಕಿಡಿ.

ಕರೆಂಟು, ಸಿಡಿಲು

ಇಲ್ಲಿ ಟಿವಿ ಸಾಯುವುದು ಬಹಳ ಮಟ್ಟಿಗೆ ವಯಸ್ಸಾಗಿ ಅಲ್ಲ.

ವೋಲ್ಟೇಜ್ ಇಳಿಯುವುದರಿಂದ ಹೆಚ್ಚು ತೊಂದರೆಯಿಲ್ಲ. ಟಿವಿಯ ಹಿಂದಿನ ಚೀಟಿಯಲ್ಲಿ ಸಾಮಾನ್ಯವಾಗಿ 100ರಿಂದ 240 ವೋಲ್ಟ್ ಎಂದಿರುತ್ತದೆ. ತೋಟದ ಪಂಪ್‌ಸೆಟ್‌ಗಳೆಲ್ಲ ಓಡಿ 170ಕ್ಕೆ ಇಳಿದರೂ ಟಿವಿ ತಡೆದುಕೊಳ್ಳುತ್ತದೆ. ಕೊಲ್ಲುವುದು ಏರಿಕೆ. ಗಾಳಿಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತಂತಿ ಹರಿದರೆ ಮನೆಯೊಳಕ್ಕೆ 230ರ ಬದಲು 400ರ ಹತ್ತಿರ ನುಗ್ಗಬಹುದು. ಆಗ ಟಿವಿ, ಫ್ರಿಜ್, ಮೋಡೆಮ್ ಎಲ್ಲ ಒಟ್ಟಿಗೇ ಹೋಗುತ್ತವೆ. ಇದಕ್ಕೆ ಮೇನ್ ಬೋರ್ಡಿನಲ್ಲೇ ಓವರ್‌ವೋಲ್ಟೇಜ್ ಪ್ರೊಟೆಕ್ಟರ್ ಹಾಕಿಸುವುದು ಒಳ್ಳೆಯ ಉಪಾಯ. 270 ವೋಲ್ಟ್ ಆಸುಪಾಸಿಗೆ ಹೊಂದಿಸಿಟ್ಟರೆ ಅದಕ್ಕಿಂತ ಮೇಲೇರಿದ ಕೂಡಲೇ ಇಡೀ ಮನೆಯ ಲೈನ್ ಕಡಿದು, ಸರಿಯಾದ ಮೇಲೆ ತಾನೇ ಜೋಡಿಸುತ್ತದೆ. ಟಿವಿಗೆ ಮಾತ್ರ ಸಾಕೆಂದರೆ ಹೈ ಕಟ್‌ಆಫ್ (ವೋಲ್ಟೇಜ್ ಏರಿದರೆ ಲೈನ್ ಕಡಿಯುವ ಏರ್ಪಾಟು) ಇರುವ ಟಿವಿ ಸ್ಟೆಬಿಲೈಜರ್. ನೂರಿನ್ನೂರು ರೂಪಾಯಿಯ ‘ಸ್ಪೈಕ್ ಗಾರ್ಡ್’ಗಳಲ್ಲಿ ಅನೇಕವು ಬರೀ ಎಕ್ಸ್‌ಟೆನ್ಷನ್ ಬೋರ್ಡು.

ಸಿಡಿಲಿನ ಕಾಲ ಬೇರೆ. ಜೂನ್-ಜುಲೈನ ಜಡಿಮಳೆಯಲ್ಲಿ ಗುಡುಗು ಕಡಿಮೆ. ಏಪ್ರಿಲ್-ಮೇ ತಿಂಗಳ ಮಧ್ಯಾಹ್ನದ ಮಳೆಯೂ ಅಕ್ಟೋಬರಿನ ಹಿಂಗಾರೂ ಅಪಾಯದವು. ಪ್ಲಗ್ ಕಿತ್ತಿಟ್ಟೂ ಟಿವಿ ಸುಟ್ಟವರಿದ್ದಾರೆ, ಯಾಕೆಂದರೆ ಡಿಶ್‌ನ ಕೇಬಲ್ ಹಾಗೇ ಇರುತ್ತದೆ. ಮನೆಯ ಮೇಲಿನ ಕಬ್ಬಿಣದ ತಟ್ಟೆಯಿಂದ ಬಂದ ಪೆಟ್ಟು ಸೆಟ್‌ಟಾಪ್ ಬಾಕ್ಸ್ ದಾಟಿ ಎಚ್‌ಡಿಎಂಐ ಮೂಲಕ ಟಿವಿಯ ಮೇನ್‌ಬೋರ್ಡಿಗೆ ಇಳಿಯುತ್ತದೆ. ಹಾಗಾಗಿ ಮೋಡ ಕಟ್ಟುವಾಗಲೇ, ಗುಡುಗು ಹತ್ತಿರ ಬರುವ ಮೊದಲೇ, ಟಿವಿಯ ಪ್ಲಗ್, ಬಾಕ್ಸಿನ ಪ್ಲಗ್, ಡಿಶ್ ಕೇಬಲ್, ಲ್ಯಾನ್ ಕೇಬಲ್ ನಾಲ್ಕನ್ನೂ ಬಿಡಿಸಬೇಕು. ಸಿಡಿಲು ನೆತ್ತಿಯ ಮೇಲೆ ಬಂದಾಗ ಕೇಬಲ್ ಮುಟ್ಟಲು ಹೋಗಬೇಡಿ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ, ಆದರೆ ಮೋಡೆಮ್‌ನ ಅಡಾಪ್ಟರ್ ಮೂಲಕ ಬರುತ್ತದೆ. ಸಿಡಿಲಿನ ಹಾನಿ ವಾರಂಟಿಗೆ ಸೇರುವುದಿಲ್ಲ. ಅರ್ಥಿಂಗ್ ಗುಂಡಿ ಬೇಸಿಗೆಯಲ್ಲಿ ಒಣಗಿದ್ದರೆ ಯಾವ ರಕ್ಷಣೆಯೂ ಪೂರ್ತಿ ಕೆಲಸ ಮಾಡುವುದಿಲ್ಲ, ಸಿಡಿಲಿನ ಮಳೆ ಶುರುವಾಗುವ ಮೊದಲೇ ನೀರು ಹಾಕಿಸಿ.

ಇನ್ವರ್ಟರ್ ಲೆಕ್ಕ: 43 ಇಂಚಿಗೆ 80 ವ್ಯಾಟ್, ಬಾಕ್ಸ್ ಮತ್ತು ಮೋಡೆಮ್‌ಗೆ 25 ಎಂದು ಹಿಡಿಯಿರಿ. 150 ಎಎಚ್ ಬ್ಯಾಟರಿಯಲ್ಲಿ ನಿಜಕ್ಕೂ ಸಿಗುವುದು ಸುಮಾರು ಒಂದು ಯೂನಿಟ್. ಬೇರೇನೂ ಇಲ್ಲದಿದ್ದರೆ ಒಂಬತ್ತು ಗಂಟೆ, ಎರಡು ಫ್ಯಾನೂ ದೀಪಗಳೂ ಇದ್ದರೆ ಅದರರ್ಧಕ್ಕಿಂತ ಕಡಿಮೆ. ಇನ್ವರ್ಟರ್ ಸೈನ್‌ವೇವ್‌ನದಾಗಿರಲಿ. ಹಳೆಯ ಸ್ಕ್ವೇರ್‌ವೇವ್‌ನಲ್ಲಿ ಸ್ಪೀಕರ್ ಗುಂಯ್‌ಗುಡುವುದುಂಟು. ದಿನಕ್ಕೆ ಐದು ಗಂಟೆ ಓಡಿದರೆ ಟಿವಿಯೊಂದೇ ತಿಂಗಳಿಗೆ 12 ಯೂನಿಟ್. ಗೃಹಜ್ಯೋತಿಯಲ್ಲಿ ನಿಮ್ಮ ಮನೆಗೆ ಗೊತ್ತುಮಾಡಿದ ಯೂನಿಟ್ ಅಂಚಿನಲ್ಲಿದ್ದರೆ ಇದನ್ನೂ ಲೆಕ್ಕಕ್ಕೆ ಹಿಡಿಯಿರಿ. 55 ಇಂಚಾದರೆ ಇದು 18, 20ಕ್ಕೆ ಹೋಗುತ್ತದೆ.

ಗೋಡೆ, ತೇವ, ಇರುವೆ

ಇರಚಲು ಹೊಡೆಯುವ ಗೋಡೆಗೆ, ಅಂದರೆ ಹೆಚ್ಚಾಗಿ ಪಡುವಣ ಇಲ್ಲವೇ ನೈಋತ್ಯದ ಗೋಡೆಗೆ, ಟಿವಿ ತೂಗುಹಾಕಬೇಡಿ. ಮಣ್ಣಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟ್ ನಿಲ್ಲುವುದಿಲ್ಲ. ಕಂಬದಿಂದ ಕಂಬಕ್ಕೆ ಗಟ್ಟಿ ಹಲಗೆ ಹೊಡೆದು ಅದಕ್ಕೆ ಬ್ರಾಕೆಟ್ ಕೂರಿಸಬೇಕು, ಅಥವಾ ಮೇಜಿನ ಮೇಲೇ ಇಡಬೇಕು. ಜಂಬಿಟ್ಟಿಗೆಯಲ್ಲಿ ಕಲ್ಲಿನ ನಡುವಿಗೆ ತೂತು ಕೊರೆಯಬೇಕು, ಸಂದಿಗಲ್ಲ. ಪರದೆಯ ನಡುಭಾಗ ಕುರ್ಚಿಯಲ್ಲಿ ಕೂತವರ ಕಣ್ಣಿನ ಮಟ್ಟಕ್ಕೆ, ನೆಲದಿಂದ ಮೂರೂವರೆ ಅಡಿಗೆ ಬಂದರೆ ಸಾಕು.

ಮಳೆಗಾಲದಲ್ಲಿ ಬೂಷ್ಟು ಹಿಡಿಯುವ ಮನೆಯಲ್ಲಿ ಟಿವಿಯನ್ನು ವಾರಗಟ್ಟಲೆ ಆರಿಸಿಡಬಾರದು. ದಿನಕ್ಕೆ ಅರ್ಧ ಗಂಟೆ ಓಡಿಸಿದರೆ ಒಳಗಿನ ಬಿಸಿಗೆ ತೇವ ಆರುತ್ತದೆ. ಬಿಸಿಯಿರುವಾಗಲೇ ಬಟ್ಟೆ ಮುಚ್ಚುವುದು ಕೆಟ್ಟ ಅಭ್ಯಾಸ. ಬೆಚ್ಚಗಿನ ಜಾಗ ಹುಡುಕಿ ಇರುವೆ, ಹಲ್ಲಿ ಬೆನ್ನಿನ ಕಿಂಡಿಯಿಂದ ಒಳಹೊಕ್ಕು ಬೋರ್ಡಿನ ಮೇಲೆ ಸತ್ತರೆ ಶಾರ್ಟ್ ಆಗುತ್ತದೆ. ಕೀಟದ ಹಾನಿಯನ್ನೂ ಸಾಮಾನ್ಯವಾಗಿ ವಾರಂಟಿ ಒಪ್ಪುವುದಿಲ್ಲ. ಗೋಡೆಗೂ ಟಿವಿಗೂ ನಾಲ್ಕು ಬೆರಳು ಸಂದಿ ಬಿಟ್ಟು ತಿಂಗಳಿಗೊಮ್ಮೆ ಒಣ ಬ್ರಷ್ಷಿನಿಂದ ಗುಡಿಸಿ.

ಅಂಗಡಿಯೋ ಆನ್‌ಲೈನೋ

ಆನ್‌ಲೈನ್‌ನಲ್ಲಿ ಎರಡು ಮೂರು ಸಾವಿರ ಅಗ್ಗ ಸಿಗುವುದು ನಿಜ. ಶಿವಮೊಗ್ಗ, ಭದ್ರಾವತಿ, ಸಾಗರ ಪೇಟೆಯವರಿಗೆ ಅದು ಸಲ್ಲುತ್ತದೆ. ಆದರೆ ಆಗುಂಬೆಯ ಕಡೆಯವರೋ ತುಮರಿಯ ಕಡೆಯವರೋ ಮೊದಲು ಆ ಬ್ರಾಂಡಿನ ಸಹಾಯವಾಣಿಗೆ ಕರೆಮಾಡಿ, ತಮ್ಮ ಪಿನ್‌ಕೋಡ್ ಹೇಳಿ ‘ಮನೆಗೇ ಬಂದು ರಿಪೇರಿ ಮಾಡುತ್ತೀರಾ, ಟಿವಿಯನ್ನು ನಾವೇ ತರಬೇಕಾ’ ಎಂದು ಕೇಳಬೇಕು. ಪೇಟೆಯ ಅಂಗಡಿಯವರಿಗೆ ಕೊಡುವ ಹೆಚ್ಚಿನ ದುಡ್ಡು ಈ ಓಡಾಟಕ್ಕೆ. ಕೆಟ್ಟಾಗ ಕಂಪನಿಯ ಬೆನ್ನು ಬಿದ್ದು ಕೆಲಸ ಮಾಡಿಸುವ ಅಂಗಡಿ ನಿಮ್ಮ ಪರಿಚಯದಲ್ಲಿದ್ದರೆ ಅಲ್ಲೇ ಕೊಳ್ಳಿ.

ಸಾಮಾನ್ಯ ವಾರಂಟಿ ಒಂದು ವರ್ಷ. ಟಿವಿಯಲ್ಲಿ ಅತಿ ದುಬಾರಿ ಭಾಗ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಗಾಜು. ವಾರಂಟಿ ಮುಗಿದ ಮೇಲೆ ಅದು ಹೋದರೆ ಹೊಸ ಟಿವಿಯನ್ನೇ ಕೊಳ್ಳುವುದು ವಾಸಿ. ಹೆಚ್ಚುವರಿ ವಾರಂಟಿ ಕೊಳ್ಳುವುದಾದರೆ ಪ್ಯಾನೆಲ್ ಸೇರಿದೆಯೇ ಎಂದು ಬರಹದಲ್ಲಿ ನೋಡಿ. ಧ್ವನಿ ಬರುತ್ತಿದ್ದು ಪರದೆ ಮಾತ್ರ ಕತ್ತಲಾದರೆ ಕೂಡಲೇ ‘ಪ್ಯಾನೆಲ್ ಹೋಯ್ತು’ ಎಂಬ ಮಾತಿಗೆ ಒಪ್ಪಬೇಡಿ. ಕೋಣೆ ಕತ್ತಲು ಮಾಡಿ ಪರದೆಗೆ ಓರೆಯಾಗಿ ಟಾರ್ಚ್ ಬಿಡಿ. ಮಸುಕಾಗಿ ಚಿತ್ರ ಓಡುತ್ತಿದ್ದರೆ ಕೆಟ್ಟಿರುವುದು ಹಿಂದಿನ ಎಲ್‌ಇಡಿ ಪಟ್ಟಿ ಅಥವಾ ಅದಕ್ಕೆ ಕರೆಂಟು ಕೊಡುವ ಭಾಗ. ಅದರ ಖರ್ಚು ಪ್ಯಾನೆಲ್ಲಿಗಿಂತ ಎಷ್ಟೋ ಕಡಿಮೆ. ಬ್ಯಾಕ್‌ಲೈಟನ್ನು ಮೊದಲ ದಿನದಿಂದಲೇ 60–70ಕ್ಕೆ ಇಳಿಸಿಟ್ಟರೆ ಈ ಪಟ್ಟಿ ಹೆಚ್ಚು ಕಾಲ ಬಾಳುತ್ತದೆ.

ಮನೆಗೆ ತರುವಾಗ ಪೆಟ್ಟಿಗೆ ನಿಂತೇ ಇರಬೇಕು. ಜೀಪಿನಲ್ಲಿ ಮಲಗಿಸಿದರೆ ಒಂದೇ ಗುಂಡಿಗೆ ಗಾಜು ಬಿರಿಯುತ್ತದೆ. ಡೆಲಿವರಿಯವರು ಎದುರಿಗಿರುವಾಗಲೇ ಪೆಟ್ಟಿಗೆ ತೆರೆಯುವುದನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ, ಟಿವಿ ಹಚ್ಚಿ ನೋಡಿ, ಆಮೇಲೆ ಒಟಿಪಿ ಹೇಳಿ. ಪೂರ್ತಿ ಬಿಳಿ, ಕೆಂಪು, ಹಸಿರು, ನೀಲಿ, ಕಪ್ಪು ಬಣ್ಣಗಳ ಚಿತ್ರಗಳನ್ನು ಮೊದಲೇ ಪೆನ್‌ಡ್ರೈವಿಗೆ ಹಾಕಿಟ್ಟುಕೊಂಡರೆ ಸತ್ತ ಚುಕ್ಕೆ, ಅಂಚಿನ ಬೆಳಕಿನ ಸೋರಿಕೆ ಎರಡೂ ಐದೇ ನಿಮಿಷದಲ್ಲಿ ಗೊತ್ತಾಗುತ್ತವೆ. ಸೆಟ್ಟಿಂಗ್ಸ್‌ಗೆ ಹೋಗಿ ‘ಸ್ಟೋರ್ ಮೋಡ್’ ತೆಗೆದು ‘ಹೋಮ್ ಮೋಡ್’ಗೆ ತನ್ನಿ. ಖಾಲಿ ಪೆಟ್ಟಿಗೆ, ಥರ್ಮಾಕೋಲನ್ನು ಕನಿಷ್ಠ ಬದಲಿಸಿಕೊಡುವ ಅವಧಿ ಮುಗಿಯುವ ತನಕ ಅಟ್ಟದಲ್ಲಿಡಿ. ಬಿಲ್ಲಿನಲ್ಲಿ ಟಿವಿಯ ಹಿಂದಿರುವ ಸೀರಿಯಲ್ ನಂಬರ್ರೇ ಇದೆಯೇ ಎಂದು ತಾಳೆ ನೋಡಿ. ಅದಿಲ್ಲದಿದ್ದರೆ ಸರ್ವಿಸ್‌ನವರು ತಕರಾರು ತೆಗೆಯುತ್ತಾರೆ. ತಕರಾರು ಬಗೆಹರಿಯದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಬಹುದು. ದೂರು ಕೊಡುವಾಗ ಬಿಲ್ ಮತ್ತು ಸರ್ವಿಸ್ ಕರೆಯ ನೋಂದಣಿ ಸಂಖ್ಯೆ ಕೈಯಲ್ಲಿರಲಿ.